ಆಯ್ಕೆಯಾದವರು ಕೆಲಸಕ್ಕೆ ಬಾರದಿರುವುದೇಕೆ?

ಬೆಂಗಳೂರಿನ ಪೂರ್ವ ಭಾಗದ ವ್ಯಾಪಾರಿಗಳು ಹಾಗೂ ಸಣ್ಣ ಕೈಗಾರಿಕೆಗಳ ಮಾಲೀಕರು ಒಂದೆಡೆ ಸೇರಿದಾಗ, ಜಿಎಸ್‌ಟಿ ಮತ್ತು ಬಾಕಿ ವಸೂಲಿಯ ಮಾತು ಮುಗಿದ ನಂತರ ತಪ್ಪದೆ ಬರುವ ವಿಷಯವೆಂದರೆ ಕೆಲಸಗಾರರ ಕೊರತೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ದೂರು ಸ್ವಲ್ಪ ಬೇರೆ ಬಗೆಯದು. ಅರ್ಜಿಗಳು ಬರುವುದಿಲ್ಲವೆಂದಲ್ಲ, ಬರುತ್ತವೆ. ಸಂದರ್ಶನಕ್ಕೂ ಜನ ಬರುತ್ತಾರೆ. ಟ್ರಯಲ್‌ನಲ್ಲಿ ಕೈಕೆಲಸವನ್ನೂ ಚೆನ್ನಾಗಿಯೇ ಮಾಡಿ ತೋರಿಸುತ್ತಾರೆ. "ಸೋಮವಾರದಿಂದ ಬರುತ್ತೇನೆ ಸಾರ್" ಎಂದು ಹೇಳಿ ಹೋಗುತ್ತಾರೆ. ಸೋಮವಾರ ಬರುವುದಿಲ್ಲ. ಮಂಗಳವಾರ ಫೋನ್ ಮಾಡಿದರೆ ಎತ್ತುವುದಿಲ್ಲ. ಬುಧವಾರದಿಂದ ಮತ್ತೆ ಹುಡುಕಾಟ ಆರಂಭ.

ಇದಕ್ಕೆ ಮಾಲೀಕ ವರ್ಗ ಸಾಮಾನ್ಯವಾಗಿ ನೀಡುವ ವಿವರಣೆ, ಈಗಿನ ಹುಡುಗರಿಗೆ ಕೊಟ್ಟ ಮಾತಿಗೆ ನಿಲ್ಲುವ ಅಭ್ಯಾಸವಿಲ್ಲ ಎಂಬುದು. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಸಂದರ್ಶನ ಮುಗಿದ ದಿನದಿಂದ ಆ ಸೋಮವಾರದವರೆಗಿನ ಅವಧಿಯಲ್ಲಿ ಸಂಸ್ಥೆಯ ಕಡೆಯಿಂದ ಅಭ್ಯರ್ಥಿಗೆ ಏನು ತಲುಪಿತು ಎಂದು ಕೇಳಿದರೆ, ಬಹುತೇಕ ಸಂದರ್ಭಗಳಲ್ಲಿ ಉತ್ತರ "ಏನೂ ಇಲ್ಲ" ಎಂದೇ ಇರುತ್ತದೆ. ಸಂಬಳ ಎಷ್ಟೆಂಬುದು ಬಾಯಿಮಾತಿನಲ್ಲಿ ಉಳಿದಿರುತ್ತದೆ, ದಿನಾಂಕ ಖಚಿತವಾಗಿರುವುದಿಲ್ಲ, ಕಾಗದ ಕೊಟ್ಟಿರುವುದಿಲ್ಲ, ಆಯ್ಕೆಯಾಗಿರುವುದು ನಿಜವೋ ಅಲ್ಲವೋ ಎಂಬುದೇ ಅಭ್ಯರ್ಥಿಗೆ ಸ್ಪಷ್ಟವಿರುವುದಿಲ್ಲ. ಈ ಮೌನಕ್ಕೆ ತೆರಬೇಕಾದ ಬೆಲೆ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಅದು ಖರ್ಚೇ ಅಲ್ಲವೆಂಬ ಭಾವನೆ ಬೆಳೆದುಬಂದಿದೆ.

ಕಾದು ಕುಳಿತಿದ್ದ ಕಾಲ

ಅಭ್ಯರ್ಥಿಯನ್ನು ಕಾಯಿಸುವ ಈ ರೂಢಿಗೆ ಪೂರ್ವ ಬೆಂಗಳೂರಿನಲ್ಲಿ ಒಂದು ಇತಿಹಾಸವಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. 1948ರಲ್ಲಿ ಕೃಷ್ಣರಾಜಪುರದ ಬಳಿ, ಇಂದಿನ ದೂರವಾಣಿನಗರದಲ್ಲಿ, ಐಟಿಐ ಬಂದಿತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, ತಿಪ್ಪಸಂದ್ರದ ಕಡೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್. ಈ ಕಾರ್ಖಾನೆಗಳಲ್ಲಿ ಕೆಲಸ ಬೇಕೆಂದವರು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಕರೆ ಬಂದರೆ ಲಿಖಿತ ಪರೀಕ್ಷೆ, ನಂತರ ಸಂದರ್ಶನ, ಆಮೇಲೆ ವೈದ್ಯಕೀಯ ತಪಾಸಣೆ, ಪೊಲೀಸ್ ಪರಿಶೀಲನೆ ಎಂದು ತಿಂಗಳುಗಟ್ಟಲೆ ಕಾಯುತ್ತಿದ್ದರು. ಅಂಚೆಯವನು ತರುವ ಕಾಗದಕ್ಕಾಗಿ ಮನೆಮಂದಿಯೆಲ್ಲ ಎದುರು ನೋಡುತ್ತಿದ್ದ ಕಾಲವದು. ಕಾಯುವುದಕ್ಕೆ ಅರ್ಥವಿತ್ತು. ಸೇರಿದವರಿಗೆ ನಿವೃತ್ತಿಯವರೆಗೆ ಸಂಬಳ, ವಸತಿಗೃಹ, ಕ್ಯಾಂಟೀನ್, ಆಸ್ಪತ್ರೆ, ಮಕ್ಕಳಿಗೆ ಶಾಲೆ.

(ಈ ಭಾಗದಲ್ಲಿ "ಐಟಿಐ ಮಾಡಿದ್ದಾನೆ" ಮತ್ತು "ಐಟಿಐನಲ್ಲಿದ್ದಾನೆ" ಎಂಬ ಎರಡು ಮಾತುಗಳ ನಡುವೆ ಒಂದು ತಲೆಮಾರಿನ ಭವಿಷ್ಯವೇ ಅಡಗಿತ್ತು. ಮೊದಲನೆಯದು ತರಬೇತಿ ಸಂಸ್ಥೆಯ ಪ್ರಮಾಣಪತ್ರ, ಎರಡನೆಯದು ಕಾಯಂ ನೌಕರಿ.)

ಈ ಕಾರ್ಖಾನೆಗಳ ಆಶ್ರಯದಲ್ಲಿಯೇ ಮಹದೇವಪುರ, ದೊಡ್ಡನೆಕ್ಕುಂದಿ, ಹೂಡಿ ಭಾಗಗಳ ಅನೇಕ ಸಣ್ಣ ಘಟಕಗಳು ಬೆಳೆದವು. ಕೆಲಸದ ಶಿಸ್ತನ್ನೂ ಗುಣಮಟ್ಟ ಪರೀಕ್ಷೆಯನ್ನೂ ಅವು ದೊಡ್ಡಣ್ಣಂದಿರಿಂದ ಕಲಿತಂತೆ, ಅಭ್ಯರ್ಥಿಯನ್ನು ಕಾಯಿಸುವ ಪದ್ಧತಿಯನ್ನೂ ಕಲಿತವು. ಆದರೆ ಕಾಯುವಿಕೆಯ ಕೊನೆಯಲ್ಲಿದ್ದ ಫಲವನ್ನು ಮಾತ್ರ ಸಣ್ಣ ಘಟಕ ಎಂದೂ ಕೊಡಲಾರದು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಮುಚ್ಚಿತು. ಪದ್ಧತಿ ಉಳಿದುಕೊಂಡಿತು.

ಇಂದಿಗೂ ಸರ್ಕಾರಿ ನೌಕರಿಗಾಗಿ ಜನ ಕಾಯುತ್ತಾರೆ. ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ 362 ಅಭ್ಯರ್ಥಿಗಳ ಆಯ್ಕೆಯನ್ನು ಸರ್ಕಾರ 2014ರಲ್ಲಿ ಹಿಂತೆಗೆದುಕೊಂಡಿತು. ಕೊನೆಗೆ ಆ ಆಯ್ಕೆಯನ್ನು ಸಿಂಧುಗೊಳಿಸಲು 2022ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಖಾಸಗಿ ರಂಗದಲ್ಲಿ ಹೆಸರುವಾಸಿ ಸಂಸ್ಥೆಯಾದರೂ ಸ್ವಲ್ಪ ಕಾಲ ಕಾಯುತ್ತಾರೆ. ಇನ್ಫೋಸಿಸ್ 2022ರಲ್ಲಿ ಆಯ್ಕೆ ಮಾಡಿದ್ದ ಸುಮಾರು 2,000 ಹೊಸ ಎಂಜಿನಿಯರುಗಳು ಸೇರ್ಪಡೆ ದಿನಾಂಕಕ್ಕಾಗಿ 2024ರವರೆಗೆ ಕಾಯಬೇಕಾಯಿತೆಂಬುದು ಪತ್ರಿಕೆಗಳಲ್ಲಿ ವಿವರವಾಗಿ ಬಂದಿತ್ತು. 2023ರ ಫೆಬ್ರವರಿಯಲ್ಲಿ ವಿಪ್ರೊ ತಾನು ವಾರ್ಷಿಕ 6.5 ಲಕ್ಷ ರೂಪಾಯಿಗೆ ಆಯ್ಕೆ ಮಾಡಿದ್ದ ಹೊಸಬರನ್ನು 3.5 ಲಕ್ಷಕ್ಕೆ ಒಪ್ಪುವಿರಾ ಎಂದು ಕೇಳಿದಾಗ ದೇಶಾದ್ಯಂತ ಚರ್ಚೆಯಾಯಿತು. ಇಂತಹ ಪ್ರಕರಣಗಳು ದೊಡ್ಡ ಸಂಸ್ಥೆಗಳ ಹೆಸರಿಗೂ ಮಸಿ ಹಚ್ಚುತ್ತವೆ, ಆದರೂ ಅವು ತಡೆದುಕೊಳ್ಳಬಲ್ಲವು. ಹದಿನೈದು ಜನರ ಲೇತ್ ಶೆಡ್ಡಿಗಾಗಿ, ಹಲಸೂರಿನ ಹಾರ್ಡ್‌ವೇರ್ ಅಂಗಡಿಗಾಗಿ, ಒಬ್ಬ ಅಭ್ಯರ್ಥಿ ಎರಡು ವಾರವೂ ಕಾಯುವುದಿಲ್ಲ. ಕಾಯಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಏಕೆಂದರೆ ಆತನ ಮುಂದೆ ಈಗ ಬೇರೆ ಬಾಗಿಲುಗಳಿವೆ. ಇಂದಿರಾನಗರದ ಯಾವುದೇ ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಮನೆಬಾಗಿಲಿಗೆ ಸಾಮಾನು ಒಯ್ಯುವ ದ್ವಿಚಕ್ರ ವಾಹನಗಳ ಸಾಲು ಕಾಣುತ್ತದೆ. ಪರವಾನಗಿ, ವಾಹನ, ಆಧಾರ್ ಇದ್ದವರು ಅಲ್ಲಿ ಬಹಳ ಬೇಗ ಕೆಲಸ ಶುರು ಮಾಡಬಹುದು. ವಾರಕ್ಕೊಮ್ಮೆ ಹಣ ಕೈಸೇರುತ್ತದೆ. ಆ ಕೆಲಸದಲ್ಲಿ ಭವಿಷ್ಯವೆಷ್ಟು, ಅಪಾಯವೆಷ್ಟು ಎಂಬುದು ಬೇರೆ ಮಾತು. ಇನ್ನೊಂದು ಬಾಗಿಲು ಪೂರ್ವಕ್ಕಿದೆ. ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ನಂತರ ಕೆಜಿಎಫ್, ಬಂಗಾರಪೇಟೆ, ಮಾಲೂರಿನ ಜನ ಮಾರಿಕುಪ್ಪಂ ಮಾರ್ಗದ ರೈಲುಗಳಲ್ಲಿ ದಿನನಿತ್ಯ ಕೃಷ್ಣರಾಜಪುರಕ್ಕೂ ದಂಡು ನಿಲ್ದಾಣಕ್ಕೂ ಬಂದು ದುಡಿಯುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಈ ಭಾಗದ ಘಟಕಗಳಿಗೆ ನುರಿತ ಕೈಗಳನ್ನು ಒದಗಿಸಿದ ದಾರಿ ಅದು. ಈಗ ಅದೇ ಜನರಿಗೆ ಊರ ಪಕ್ಕದ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ, ಮೊಬೈಲ್ ಫೋನ್ ಜೋಡಿಸುವ ಟಾಟಾ ಎಲೆಕ್ಟ್ರಾನಿಕ್ಸ್ ಘಟಕವಿದೆ. ದೇವನಹಳ್ಳಿಯ ಕಡೆ ಫಾಕ್ಸ್‌ಕಾನ್ ಬಂದಿದೆ. ಅವು ಸಾವಿರಗಟ್ಟಲೆ ಜನರನ್ನು ಒಮ್ಮೆಲೇ ತೆಗೆದುಕೊಳ್ಳುತ್ತವೆ.

ಸಂಬಳದಲ್ಲಿ ಇವುಗಳೊಡನೆ ಸ್ಪರ್ಧಿಸಲು ಸಣ್ಣ ಘಟಕಕ್ಕೆ ಸಾಧ್ಯವಾಗಲಿಕ್ಕಿಲ್ಲ. ಆದರೆ ಮೇಲೆ ಹೇಳಿದ ಯಾವ ಸಂಸ್ಥೆಯ ಮಾಲೀಕನೂ ಅಭ್ಯರ್ಥಿಗೆ ತಾನೇ ಫೋನ್ ಮಾಡಿ ಮಾತನಾಡುವುದಿಲ್ಲ. ಸಣ್ಣ ಘಟಕದ ಮಾಲೀಕ ಮಾಡಬಹುದು. ಅವನು ಸಂಜೆ ನಾಲ್ಕಕ್ಕೆ ಟ್ರಯಲ್ ನೋಡಿ ಐದಕ್ಕೆ ತೀರ್ಮಾನ ಹೇಳಬಲ್ಲ. ಯಾವ ಸಮಿತಿಯ ಒಪ್ಪಿಗೆಯೂ ಬೇಕಿಲ್ಲ. ಇರುವ ಈ ಒಂದು ಅನುಕೂಲವನ್ನೇ ಹೆಚ್ಚಿನವರು ಬಳಸಿಕೊಳ್ಳದಿರುವುದು ಸೋಜಿಗ.

ಖಾಲಿ ಯಂತ್ರದ ಲೆಕ್ಕ

ಉದಾಹರಣೆಗೆ, ಮಹದೇವಪುರದಲ್ಲಿ ಜಾಬ್ ವರ್ಕ್ ಮಾಡುವ ಒಂದು ಘಟಕದಲ್ಲಿ ಸಿಎನ್‌ಸಿ ಲೇತಿನ ಗಂಟೆಯ ದರ 400 ರೂಪಾಯಿ ಎಂದು ಭಾವಿಸಬಹುದು. ವಿದ್ಯುತ್, ಇನ್ಸರ್ಟ್, ಕೂಲಂಟ್ ಮುಂತಾಗಿ ಯಂತ್ರ ಓಡಿದಾಗ ಮಾತ್ರ ಬರುವ ಖರ್ಚು 100 ರೂಪಾಯಿ ಕಳೆದರೆ ಗಂಟೆಗೆ 300 ರೂಪಾಯಿ ಉಳಿಯುತ್ತದೆ. ಎಂಟು ಗಂಟೆಯ ಪಾಳಿಗೆ 2,400. ಆಯ್ಕೆಯಾದ ಆಪರೇಟರ್ ಬಾರದೆ ಹೊಸಬನನ್ನು ಹುಡುಕಲು ಮೂರು ವಾರ, ಅಂದರೆ 18 ಕೆಲಸದ ದಿನಗಳು ಹಿಡಿದರೆ, ಕೈಬಿಟ್ಟ ಮೊತ್ತ 43,200 ರೂಪಾಯಿ. ಉಳಿಸಿದ ಸಂಬಳವನ್ನು ಇದರಲ್ಲಿ ಕಳೆದರೂ ದೊಡ್ಡ ಮೊತ್ತವೇ ನಿಲ್ಲುತ್ತದೆ. ಯಂತ್ರದ ಮೇಲಿನ ಸಾಲದ ಕಂತು, ಶೆಡ್ಡಿನ ಬಾಡಿಗೆ ಯಥಾಪ್ರಕಾರ ನಡೆಯುತ್ತಿರುತ್ತವೆ. ಇರುವ ಆಪರೇಟರನನ್ನೇ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಓವರ್‌ಟೈಮಿಗೆ ಎರಡು ಪಟ್ಟು ದರ ಕೊಡಬೇಕು. ಅವನೂ ಬೇಸತ್ತು ಬೇರೆಡೆ ನೋಡತೊಡಗಿದರೆ ಆ ನಷ್ಟಕ್ಕೆ ಲೆಕ್ಕವಿಲ್ಲ.

ಯಂತ್ರಕ್ಕೆ ಸಾಕಷ್ಟು ಆರ್ಡರ್ ಇದ್ದಾಗ ಮಾತ್ರ ಈ ಲೆಕ್ಕ ಸರಿ. ಆರ್ಡರ್ ಇಲ್ಲದ ತಿಂಗಳಲ್ಲಿ ಖಾಲಿ ಸ್ಥಾನದಿಂದ ಅಷ್ಟು ನಷ್ಟವಾಗದು. ಆದರೆ ಆರ್ಡರ್ ಇಲ್ಲದಾಗ ಯಾರೂ ಜನರನ್ನು ಹುಡುಕುವುದೂ ಇಲ್ಲವಷ್ಟೆ.

ಇದರ ಎದುರು ಬದಿಯ ಖರ್ಚೇನು? ತಿಂಗಳಿಗೆ 20,000 ರೂಪಾಯಿಯ ಹುದ್ದೆಗೆ ಒಂದು ದಿನದ ಟ್ರಯಲ್ ಮಾಡಿಸಿದರೆ ಆ ದಿನದ ಕೂಲಿ, 26 ದಿನಗಳ ಲೆಕ್ಕದಲ್ಲಿ, ಸುಮಾರು 770 ರೂಪಾಯಿ. ಮೂವರಿಗೆ ಕೊಟ್ಟರೂ 2,310. ಬಹಳಷ್ಟು ಘಟಕಗಳು ಟ್ರಯಲ್ ದಿನಕ್ಕೆ ಏನನ್ನೂ ಕೊಡುವುದಿಲ್ಲ. ಬಂಗಾರಪೇಟೆಯಿಂದ ಬೆಳಗಿನ ಜಾವದ ರೈಲು ಹಿಡಿದು ಬಂದು, ಇರುವ ಕೆಲಸಕ್ಕೆ ರಜೆ ಹಾಕಿ ಒಂದು ದಿನದ ಸಂಬಳ ಕಳೆದುಕೊಂಡು, ಆರು ಗಂಟೆ ಯಂತ್ರದ ಮುಂದೆ ನಿಂತು ಮಾಡಿಕೊಟ್ಟ ಕೆಲಸವನ್ನು ಗ್ರಾಹಕರಿಗೆ ಬಿಲ್ ಮಾಡಿದ ಮೇಲೆಯೂ ಅಭ್ಯರ್ಥಿಗೆ ಚಹಾ ಕುಡಿಸಿ ಕಳುಹಿಸುವುದು ಮಿತವ್ಯಯವಲ್ಲ, ಜಿಪುಣತನ. ಆ ಒಂದು ದಿನದಲ್ಲಿ ಅಭ್ಯರ್ಥಿಯೂ ಮಾಲೀಕನನ್ನು ಪರೀಕ್ಷಿಸಿ ನೋಡಿರುತ್ತಾನೆಂಬುದನ್ನು ಮರೆಯಬಾರದು.

ಸಮಯದ ಬಗ್ಗೆಯೂ ಒಂದು ಮಾತು. "ಹತ್ತಕ್ಕೆ ಬನ್ನಿ" ಎಂದು ಕರೆದು ಹನ್ನೆರಡರವರೆಗೆ ಹೊರಗೆ ಕೂರಿಸುವವರು, ಟಿನ್ ಫ್ಯಾಕ್ಟರಿ ವೃತ್ತವನ್ನು ಹತ್ತು ಗಂಟೆಗೆ ದಾಟುವುದು ಎಂತಹ ಸಾಹಸವೆಂಬುದನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಕೃಷ್ಣರಾಜಪುರ ನಡುವಿನ ಮೆಟ್ರೋ ಆರಂಭವಾಗಿ ಹಲಸೂರು, ಇಂದಿರಾನಗರಕ್ಕೆ ಪೂರ್ವದಿಂದ ಬರುವುದು ಹಗುರವಾಗಿದೆ. ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿರುವುದರಿಂದ ಕೃಷ್ಣರಾಜಪುರದ ಮಹಿಳೆ ಶಿವಾಜಿನಗರದ ಅಂಗಡಿಯ ಕೆಲಸವನ್ನು ಪರಿಗಣಿಸುವಂತಾಗಿದೆ. ಅಂದರೆ ಅಭ್ಯರ್ಥಿಗಳ ವ್ಯಾಪ್ತಿ ದೊಡ್ಡದಾಗಿದೆ. ಅವರ ಆಯ್ಕೆಯ ವ್ಯಾಪ್ತಿಯೂ ಅಷ್ಟೇ ದೊಡ್ಡದಾಗಿದೆ.

ಇಪ್ಪತ್ತು ಸಾವಿರವೆಂದರೆ ಎಷ್ಟು?

ಅಭ್ಯರ್ಥಿಗಳು ಕೈತಪ್ಪುವುದಕ್ಕೆ, ಅಥವಾ ಸೇರಿದ ಮೊದಲ ತಿಂಗಳಲ್ಲಿಯೇ ಬಿಟ್ಟುಹೋಗುವುದಕ್ಕೆ, ಮೌನದ ನಂತರದ ದೊಡ್ಡ ಕಾರಣ ಸಂಬಳದ ಅಸ್ಪಷ್ಟತೆ. "ಇಪ್ಪತ್ತು ಸಾವಿರ ಕೊಡುತ್ತೇವೆ" ಎಂದು ಮಾಲೀಕ ಹೇಳುತ್ತಾನೆ. ಅವನ ಮನಸ್ಸಿನಲ್ಲಿರುವುದು ಒಟ್ಟು ಸಂಬಳ. ಅಭ್ಯರ್ಥಿಯ ಕಿವಿಗೆ ಬೀಳುವುದು ಕೈಗೆ ಬರುವ ಹಣ. ಭವಿಷ್ಯ ನಿಧಿ ಮತ್ತು ಇಎಸ್‌ಐ ಎರಡೂ ಅನ್ವಯವಾಗುವ ಘಟಕದಲ್ಲಿ, 15,000 ರೂಪಾಯಿಯ ಮಿತಿಗೆ ಭವಿಷ್ಯ ನಿಧಿಯ ಶೇ. 12 ಎಂದರೆ 1,800, ಇಎಸ್‌ಐ ಶೇ. 0.75 ಎಂದರೆ 150. ಕೈಗೆ ಬರುವುದು 18,050. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲದಿರುವುದೊಂದು ಸಮಾಧಾನ. ಇನ್ನೊಂದೆಡೆ ಮಾಲೀಕನಿಗೆ ತನ್ನ ಪಾಲಿನ ಭವಿಷ್ಯ ನಿಧಿ 1,800, ಆಡಳಿತ ಶುಲ್ಕ ಮತ್ತು ಠೇವಣಿ ಸಂಬಂಧಿತ ವಿಮೆ ಸೇರಿ 150, ಇಎಸ್‌ಐ ಶೇ. 3.25ರಂತೆ 650 ಸೇರಿ ಒಟ್ಟು 22,600 ರೂಪಾಯಿ ವೆಚ್ಚ ಬೀಳುತ್ತದೆ. ಒಂದೇ ಹುದ್ದೆಗೆ ಮೂರು ಅಂಕಿಗಳು: 18,050, 20,000, 22,600. ಸಂದರ್ಶನದಲ್ಲಿ ಹೇಳಿದ್ದು ಯಾವುದು?

ಇವು ವಿವರಣೆಗಾಗಿ ತೆಗೆದುಕೊಂಡ ಅಂಕಿಗಳು. ಆಯಾ ಹುದ್ದೆಗೆ ಅನ್ವಯಿಸುವ ಕನಿಷ್ಠ ವೇತನವನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಮೂರು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದು ಅಭ್ಯರ್ಥಿಯ ಕೈಗೆ ಕೊಡುವುದರಿಂದ ಎರಡು ಲಾಭಗಳಿವೆ. ಮೊದಲ ತಿಂಗಳ ಸಂಬಳದ ದಿನ ಜಗಳವಾಗುವುದಿಲ್ಲ. ಎರಡನೆಯದಾಗಿ, ಬೇರೆಡೆ ನಗದಾಗಿ 19,000 ಕೊಡುವವರ ಮಾತಿಗೂ ಇಲ್ಲಿನ 18,050ಕ್ಕೂ ಇರುವ ವ್ಯತ್ಯಾಸವನ್ನು ಅಭ್ಯರ್ಥಿ ತಾನೇ ಅಳೆಯಬಲ್ಲ. ಹೆರಿಗೆ, ಅಪಘಾತ, ಕುಟುಂಬದ ಚಿಕಿತ್ಸೆಗೆ ಇಎಸ್‌ಐ ಏನು ಕೊಡುತ್ತದೆ ಎಂಬುದನ್ನು ಐದು ನಿಮಿಷ ವಿವರಿಸಿದರೆ ಅಭ್ಯರ್ಥಿಗಿಂತ ಹೆಚ್ಚಾಗಿ ಅವನ ಮನೆಯವರಿಗೆ ಅದು ನಾಟುತ್ತದೆ.

ಹೇಳಿದ ಸಂಬಳವೊಂದು, ಕೈಗೆ ಬಂದ ಸಂಬಳವೊಂದು ಆದರೆ ಏನಾಗಬಹುದೆಂಬುದಕ್ಕೆ ನರಸಾಪುರವೇ ಸಾಕ್ಷಿ. 2020ರ ಡಿಸೆಂಬರ್ 12ರಂದು ಅಲ್ಲಿ ಆಗ ವಿಸ್ಟ್ರಾನ್ ಸಂಸ್ಥೆ ನಡೆಸುತ್ತಿದ್ದ ಮೊಬೈಲ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಗೆ ಸಂಬಳದ ವಿಳಂಬ ಮತ್ತು ಒಪ್ಪಿದ್ದಕ್ಕಿಂತ ಕಡಿಮೆ ಸಂಬಳ ಮುಖ್ಯ ಕಾರಣಗಳೆಂದು ವರದಿಯಾಗಿತ್ತು. ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ಮಧ್ಯವರ್ತಿ ಗುತ್ತಿಗೆದಾರರ ಮೂಲಕ ಸಾವಿರಾರು ಜನರಿಗೆ ಹೋದ ಅಸ್ಪಷ್ಟ ಮಾತಿನ ಬೆಲೆಯನ್ನು ಕೊನೆಗೆ ತೆತ್ತದ್ದು ಕಾರ್ಖಾನೆ. ಸಣ್ಣ ಘಟಕದಲ್ಲಿ ಗಲಾಟೆ ನಡೆಯುವುದಿಲ್ಲ. ಕೆಲಸಗಾರ ಸದ್ದಿಲ್ಲದೆ ಹೋಗುತ್ತಾನೆ, ಹೋಗಿ ತನ್ನ ಊರಿನ ರೈಲಿನಲ್ಲಿ ನಾಲ್ವರಿಗೆ ಹೇಳುತ್ತಾನೆ.

ಮೂವರಿಗೆ ಒಂದೇ ಹುದ್ದೆ

ಮಾಲೀಕರು ಏಕೆ ಮೌನವಾಗಿರುತ್ತಾರೆ? ಉದಾಸೀನ ಒಂದು ಕಾರಣ. ಆದರೆ ಅನೇಕ ಬಾರಿ ಅದರ ಹಿಂದೆ ಲೆಕ್ಕಾಚಾರವಿರುತ್ತದೆ. ದೊಡ್ಡ ಗ್ರಾಹಕನ ಪರ್ಚೇಸ್ ಆರ್ಡರ್ ಇನ್ನೂ ಕೈಸೇರಿರುವುದಿಲ್ಲ. ಬಂದರೆ ಜನ ಬೇಕು, ಬಾರದಿದ್ದರೆ ಬೇಡ. ಆದ್ದರಿಂದ ಮೂವರನ್ನು "ನೋಡೋಣ, ಹೇಳುತ್ತೇವೆ" ಎಂದು ಇಟ್ಟುಕೊಳ್ಳುವುದು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ರಂಜಾನ್, ದೀಪಾವಳಿಗೆ ಮುಂಚೆ ಹೀಗೆಯೇ ಆಗುತ್ತದೆ. ಮೂವರಿಗೂ ಹೆಚ್ಚುಕಡಿಮೆ ಹೌದೆನ್ನುವ ಹಾಗೆ ಹೇಳಿ, ಮೊದಲು ಬಂದವರನ್ನು ತೆಗೆದುಕೊಂಡು ಉಳಿದವರಿಗೆ ಸುದ್ದಿಯನ್ನೇ ಮುಟ್ಟಿಸುವುದಿಲ್ಲ.

ಈ ಲೆಕ್ಕಾಚಾರದಲ್ಲಿ ಅಭ್ಯರ್ಥಿಯ ಪಾಲಿನ ನಷ್ಟ ಸೇರಿರುವುದಿಲ್ಲ. ಅರ್ಧ ಮಾತನ್ನು ನಂಬಿ ಇರುವ ಕೆಲಸ ಬಿಟ್ಟವನಿಗೆ "ಮುಂದಿನ ತಿಂಗಳು ನೋಡೋಣ" ಎಂದರೆ ಒಂದು ತಿಂಗಳ ಬಾಡಿಗೆ, ರೇಷನ್, ಮಗುವಿನ ಶಾಲೆಯ ಶುಲ್ಕ ಎಲ್ಲಿಂದ ಬರಬೇಕು? ಇಎಸ್‌ಐನಲ್ಲಿ ಅನಾರೋಗ್ಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಇರಬೇಕು. ಕೆಲಸವಿಲ್ಲದ ದಿನಗಳು ಅದಕ್ಕೂ ಪೆಟ್ಟು ಕೊಡಬಹುದು. ಮಾಲೀಕನಿಗೆ ಇದು ಒಂದು ಖಾಲಿ ಸ್ಥಾನ. ಅಭ್ಯರ್ಥಿಗೆ ಒಂದು ಸಂಸಾರ.

ಆರ್ಡರ್ ಖಚಿತವಿಲ್ಲದಿದ್ದರೆ ಅದನ್ನೇ ಹೇಳುವುದರಲ್ಲಿ ಅವಮಾನವೇನಿಲ್ಲ. "ಈ ತಿಂಗಳ 15ರೊಳಗೆ ತಿಳಿಸುತ್ತೇವೆ. ಅಲ್ಲಿಯವರೆಗೆ ಇರುವ ಕೆಲಸ ಬಿಡಬೇಡಿ. ನಡುವೆ ಒಳ್ಳೆಯದು ಸಿಕ್ಕರೆ ಸೇರಿಕೊಳ್ಳಿ, ಒಂದು ಮಾತು ತಿಳಿಸಿ" ಎಂದರೆ ಮೂವರಲ್ಲಿ ಒಬ್ಬರು ಹೋಗಬಹುದು. ಉಳಿದಿಬ್ಬರು 15ರಂದು ಫೋನ್ ಎತ್ತುತ್ತಾರೆ. 15ರಂದು ಆರ್ಡರ್ ಬಂದಿರದಿದ್ದರೂ ಫೋನ್ ಮಾಡುವುದು ಮುಖ್ಯ. ಹೇಳಲು ಹೊಸದೇನೂ ಇಲ್ಲವೆಂಬುದೂ ಅಭ್ಯರ್ಥಿಗೆ ಸುದ್ದಿಯೇ. ಆಯ್ಕೆಯಾಗದವರಿಗೂ ಎರಡು ಸಾಲಿನ ಸಂದೇಶ ಹೋಗಬೇಕು. ಇಂದು ಬೇಡವಾದ ಫಿಟ್ಟರ್ ಆರು ತಿಂಗಳ ನಂತರ ಬೇಕಾಗುತ್ತಾನೆ ಎಂಬುದು ಮಹದೇವಪುರದ ಪ್ರತಿ ಶೆಡ್ಡಿನ ಅನುಭವ.

ಕೆಲವರು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದ್ದಾರೆ. ಆಯ್ಕೆಯಾದ ದಿನವೇ ಅಂಕಪಟ್ಟಿ, ಐಟಿಐ ಪ್ರಮಾಣಪತ್ರದ ಮೂಲ ಪ್ರತಿಗಳನ್ನು ತೆಗೆದು ಬೀರುವಿನಲ್ಲಿಟ್ಟುಕೊಳ್ಳುವುದು. ಅಭ್ಯರ್ಥಿ ಓಡಿಹೋಗಬಾರದೆಂಬ ಉಪಾಯ ಇದು. ಅಭ್ಯರ್ಥಿಯ ಆಸಕ್ತಿಯನ್ನು ಉಳಿಸಿಕೊಳ್ಳುವುದಕ್ಕೂ ಅವನನ್ನು ಕಟ್ಟಿಹಾಕುವುದಕ್ಕೂ ಅಜಗಜಾಂತರವಿದೆ. ಮೂಲ ಪ್ರತಿ ನೋಡಿ, ನಕಲು ಇಟ್ಟುಕೊಂಡು, ಆಗಿಂದಾಗ್ಗೆ ವಾಪಸು ಕೊಡುವುದೇ ಸರಿ. ಪ್ರಮಾಣಪತ್ರದ ಭಯದಿಂದ ನಿಂತವನು ಯಂತ್ರವನ್ನು ಹೇಗೆ ನೋಡಿಕೊಳ್ಳುತ್ತಾನೆಂಬುದನ್ನು ಮಾಲೀಕರು ಯೋಚಿಸಲಿ.

ಕಾಗದದ ಬೆಲೆ

ನೇಮಕಾತಿ ಪತ್ರ ಕೊಡುವುದು ದೊಡ್ಡ ಕಂಪನಿಗಳ ಸಂಪ್ರದಾಯವೆಂದು ತಿಳಿದವರು ಇನ್ನೂ ಇದ್ದಾರೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961ರ 6ಎ ಕಲಮಿನಂತೆ ಅಂಗಡಿಯ ಮಾಲೀಕನೂ ನೇಮಕವಾದ 30 ದಿನಗಳೊಳಗೆ ಹೆಸರು, ಹುದ್ದೆ, ವೇತನ, ಷರತ್ತುಗಳನ್ನು ಬರೆದು ಆದೇಶ ನೀಡಬೇಕು. "ಕ್ಯೂ" ನಮೂನೆ ಇರುವುದು ಅದಕ್ಕಾಗಿಯೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೊಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳು ಪ್ರತಿಯೊಬ್ಬ ನೌಕರನಿಗೆ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯಗೊಳಿಸಿದೆ. ಹೇಗೂ ಕೊಡಲೇಬೇಕಾದ ಕಾಗದವನ್ನು ಸೇರಿದ ಮೇಲೆ ಕೊಡುವ ಬದಲು ಆಯ್ಕೆಯ ದಿನವೇ, ಸೇರುವ ದಿನಾಂಕ ನಮೂದಿಸಿ ಕೊಟ್ಟರೆ, ಅದೇ ಕಾಗದ ಎರಡು ಕೆಲಸ ಮಾಡುತ್ತದೆ. ಅಭ್ಯರ್ಥಿ ಅದನ್ನು ಮನೆಯಲ್ಲಿ ತೋರಿಸುತ್ತಾನೆ. ಹಳೆಯ ಮಾಲೀಕನಿಗೆ ರಾಜೀನಾಮೆ ಕೊಡಲು ಧೈರ್ಯ ಬರುತ್ತದೆ.

ಕಾಗದದ ಭಾಷೆಯ ಕಡೆಗೂ ಗಮನ ಬೇಕು. ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಕನ್ನಡ, ತಮಿಳು, ಉರ್ದು, ತೆಲುಗು, ಹಿಂದಿ ಎಲ್ಲವೂ ನಡೆಯುವ ನಾಡು ಇದು. ಎರಡು ಪುಟ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದರಿಂದ ಕಾನೂನಿನ ಅಗತ್ಯ ಪೂರೈಸಬಹುದು. ಅಭ್ಯರ್ಥಿಗೆ ಬೇಕಾಗಿರುವುದು ಕನ್ನಡದಲ್ಲಿ ಅರ್ಧ ಪುಟ ಮತ್ತು ಅವನಿಗೆ ತಿಳಿಯುವ ಮಾತಿನಲ್ಲಿ ಹತ್ತು ನಿಮಿಷದ ವಿವರಣೆ.

ಸೇರುವ ದಿನಾಂಕ ನಿಗದಿ ಮಾಡುವಾಗ ಅಭ್ಯರ್ಥಿಯ ಇಂದಿನ ಮಾಲೀಕನನ್ನೂ ನೆನೆಯಬೇಕು. ಟ್ಯಾಲಿ ಬಲ್ಲ ಲೆಕ್ಕಿಗರನ್ನು ಒಂದನೇ ತಾರೀಖಿಗೇ ಬರಬೇಕೆಂದು ಒತ್ತಾಯಿಸುವ ವ್ಯಾಪಾರಿಗಳು, ತಮ್ಮದೇ ಲೆಕ್ಕಿಗ 11ರ ಜಿಎಸ್‌ಟಿಆರ್-1, 20ರ 3ಬಿ ಮುಗಿಸದೆ ಹೊರಟರೆ ಸುಮ್ಮನಿರುವರೇ? ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವ ಅಂಗಡಿಯಿಂದ ಬರುವ ಲೆಕ್ಕಿಗನಿಗೆ 21ರ ನಂತರದ ದಿನಾಂಕ ಕೊಟ್ಟರೆ ಅವನು ಹಳೆಯ ಕಡೆ ಜಗಳವಿಲ್ಲದೆ ಬಿಡುಗಡೆ ಪಡೆದು ಬರುತ್ತಾನೆ. ಹಳೆಯ ಮಾಲೀಕನೂ ಈಗ ರಾಜೀನಾಮೆಯ ನಂತರ ಎರಡು ಕೆಲಸದ ದಿನಗಳಲ್ಲಿ ಬಾಕಿ ವೇತನ ಪಾವತಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. "ಹಳೆಯ ಸಂಬಳ ಕೈಗೆ ಬಂದ ಮೇಲೆ ಬರುತ್ತೇನೆ" ಎನ್ನುವ ಅಭ್ಯರ್ಥಿಗೆ ಈ ವಿಷಯ ತಿಳಿಸಿಕೊಡುವುದೂ ಒಂದು ಉಪಕಾರ.

ಹೊಸದಾಗಿ ಜನರನ್ನು ಸೇರಿಸಿಕೊಂಡು ಉಳಿಸಿಕೊಳ್ಳುವವರಿಗೆ ಸರ್ಕಾರದ ನೆರವೂ ಇದೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಹೆಚ್ಚುವರಿ ಉದ್ಯೋಗಗಳಿಗೆ, ಭವಿಷ್ಯ ನಿಧಿಯಲ್ಲಿ ನೋಂದಾಯಿತ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿಯವರೆಗೆ ಪ್ರೋತ್ಸಾಹಧನವಿದೆ. 10,000ಕ್ಕಿಂತ ಹೆಚ್ಚು, 20,000ದವರೆಗಿನ ವೇತನಕ್ಕೆ ಅದು 2,000. ಅವಧಿ ಎರಡು ವರ್ಷ. ಉತ್ಪಾದನಾ ಘಟಕಗಳಿಗೆ ನಾಲ್ಕು ವರ್ಷ, ಅಂದರೆ ಒಬ್ಬ ಹೆಚ್ಚುವರಿ ಕೆಲಸಗಾರನಿಗೆ 96,000 ರೂಪಾಯಿ. 50ಕ್ಕಿಂತ ಕಡಿಮೆ ನೌಕರರಿರುವವರು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಮೊದಲ ಬಾರಿಗೆ ಕೆಲಸಕ್ಕೆ ಸೇರುವ ಯುವಕನಿಗೂ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ ಎರಡು ಕಂತುಗಳಲ್ಲಿ, ಆರು ಮತ್ತು ಹನ್ನೆರಡು ತಿಂಗಳ ಸೇವೆಯ ನಂತರ ಸಿಗುತ್ತದೆ. ಇದನ್ನು ಅಭ್ಯರ್ಥಿಗೆ ಸಂದರ್ಶನದಲ್ಲಿಯೇ ಹೇಳುವವರು ವಿರಳ. ಮಾಲೀಕನ ಪಾಲಿನ ಹಣದ ಬಗ್ಗೆ ವಿಚಾರಿಸುವವರು ಮಾತ್ರ ಧಾರಾಳವಾಗಿದ್ದಾರೆ.

ಈ ಎಲ್ಲವನ್ನೂ ಮಾಡಿದ ಮೇಲೂ ಕೆಲವರು ಬರುವುದಿಲ್ಲ. ಎರಡು ಕಡೆ ಹೌದೆಂದು ಹೇಳಿ, ಒಂದು ಕಾಗದ ತೋರಿಸಿ ಇನ್ನೊಂದು ಕಡೆ ಸಂಬಳ ಹೆಚ್ಚಿಸಿಕೊಳ್ಳುವವರು ಇದ್ದೇ ಇದ್ದಾರೆ. ಅಂಥವರು ಬಾರದಿರುವುದೇ ಲೇಸು. ಆದರೆ ಬರುವ ಮನಸ್ಸಿದ್ದೂ ಸಂಶಯದಿಂದ ಬಾರದೆ ಉಳಿದವರು ಎಷ್ಟು ಜನ ಎಂಬುದನ್ನು ಪ್ರತಿ ಮಾಲೀಕನೂ ಕಳೆದೊಂದು ವರ್ಷದ ತನ್ನ ಪಟ್ಟಿ ನೋಡಿ ಎಣಿಸಬಹುದು. ಪಟ್ಟಿಯೇ ಇಲ್ಲದವರು ಒಂದು ನೋಟ್‌ಬುಕ್ ಇಡಲಿ. ಅದರಲ್ಲಿ ಅಭ್ಯರ್ಥಿಯ ಹೆಸರು, ಬಂದ ದಿನ, ಹೇಳಿದ ಸಂಬಳ, ಉತ್ತರ ಕೊಡುತ್ತೇವೆಂದ ದಿನಾಂಕ, ಕೊಟ್ಟ ದಿನಾಂಕ ಇಷ್ಟಿದ್ದರೆ ಸಾಕು. ಕೊನೆಯ ಎರಡು ಕಲಂಗಳ ಅಂತರವೇ ಬಹಳಷ್ಟನ್ನು ಹೇಳುತ್ತದೆ.

ಆಯ್ಕೆಗೂ ಸೇರ್ಪಡೆಗೂ ನಡುವೆ ಫೋನ್ ಮಾಡಲು ನೆಪ ಬೇಕೆನ್ನುವವರಿಗೆ ಭವಿಷ್ಯ ನಿಧಿ ಸಂಘಟನೆಯೇ ಒಂದು ನೆಪ ಒದಗಿಸಿದೆ. 2025ರ ಆಗಸ್ಟಿನಿಂದ ಹೊಸ ಯುಎಎನ್ ಸಂಖ್ಯೆಯನ್ನು ಉಮಂಗ್ ಆ್ಯಪ್‌ನಲ್ಲಿ ಮುಖ ಗುರುತಿಸುವಿಕೆಯ ಮೂಲಕ ಪಡೆಯಬೇಕಾಗಿದೆ. ಅಭ್ಯರ್ಥಿ ತನ್ನ ಮೊಬೈಲಿನಲ್ಲಿ ತಾನೇ ಮಾಡಿಕೊಳ್ಳಬಹುದು. ಹಳೆಯ ಸಂಖ್ಯೆ ಇರುವವರಾದರೆ ಹಿಂದಿನ ಮಾಲೀಕ ಕೆಲಸ ಬಿಟ್ಟ ದಿನಾಂಕ ನಮೂದಿಸಿದ್ದಾನೆಯೇ ಎಂದು ನೋಡಿಕೊಳ್ಳಬೇಕು. ಸೇರುವ ನಾಲ್ಕು ದಿನ ಮೊದಲು ಅಂಗಡಿಯ ಗುಮಾಸ್ತನೋ ಮಾಲೀಕನೋ ಇದನ್ನು ಮಾಡಿಸಲು ಫೋನ್ ಮಾಡಿದರೆ, ಸೋಮವಾರ ಬರುವ ರೈಲು ಯಾವುದು, ನಿಲ್ದಾಣದಿಂದ ಶೆಡ್ಡಿಗೆ ಬಸ್ ಎಲ್ಲಿ ಹತ್ತಬೇಕು, ಮಧ್ಯಾಹ್ನದ ಊಟಕ್ಕೆ ಡಬ್ಬಿ ತರಬೇಕೇ ಎಂಬ ಮಾತೂ ಅದೇ ಕರೆಯಲ್ಲಿ ಮುಗಿಯುತ್ತದೆ.